ಅನುಪಾತಗಳ ನಡುವಿನ ದಲ್ಲಾಳಿ

ಒಂದು ದ್ರಮ್ಮಕ್ಕೆ 300 ಮಾವಿನಹಣ್ಣು. ಅದೇ ಸಂತೆಯಲ್ಲಿ ಒಂದು ಪಣಕ್ಕೆ 30 ಮಾಗಿದ ದಾಳಿಂಬೆ. ಕೊಳ್ಳಲು ಬಂದವನ ಕೈಯಲ್ಲಿ ಕಾಸಿಲ್ಲ, 10 ಮಾವಿನಹಣ್ಣು ಮಾತ್ರ ಇವೆ. ಅವನ್ನು ಕೊಟ್ಟರೆ ಎಷ್ಟು ದಾಳಿಂಬೆ ಸಿಗಬೇಕು?

ಎರಡನೇ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಕೊಟ್ಟಿರುವ ಲೆಕ್ಕ ಇದು. 1150ರ ‘ಸಿದ್ಧಾಂತ ಶಿರೋಮಣಿ’ಯ ಅಂಕಗಣಿತದ ಭಾಗವೇ ‘ಲೀಲಾವತಿ’. ವಸ್ತುವಿಗೆ ವಸ್ತು ಕೊಟ್ಟು ತೆಗೆದುಕೊಳ್ಳುವ ಇಂಥ ಲೆಕ್ಕಗಳನ್ನು ಅಲ್ಲಿ ಭಾಂಡಪ್ರತಿಭಾಂಡ ಎನ್ನುತ್ತಾರೆ.

ಲೆಕ್ಕದಲ್ಲಿ ಮಾವಿಗೂ ದಾಳಿಂಬೆಗೂ ನೇರ ಸಂಬಂಧ ಹೇಳಿಲ್ಲ. ಮಾವಿಗೂ ದುಡ್ಡಿಗೂ ಒಂದು ಅನುಪಾತ ಇದೆ, ದುಡ್ಡಿಗೂ ದಾಳಿಂಬೆಗೂ ಇನ್ನೊಂದು ಇದೆ. ಎರಡರಲ್ಲೂ ದುಡ್ಡು ಇರುವುದರಿಂದ ಅವನ್ನು ಜೋಡಿಸಬಹುದು ಎಂದು ತೋರುತ್ತದೆ. ಆದರೆ ಒಂದು ಕಡೆ ದುಡ್ಡನ್ನು ದ್ರಮ್ಮದಲ್ಲಿ ಹೇಳಿದೆ, ಇನ್ನೊಂದು ಕಡೆ ಪಣದಲ್ಲಿ. ಒಂದು ದ್ರಮ್ಮಕ್ಕೆ 16 ಪಣ ಎಂಬುದು ಗ್ರಂಥದ ಆರಂಭದ ಕೋಷ್ಟಕದಲ್ಲೇ ಇದೆ. ಹಾಗಾಗಿ 300 ಮಾವು ಎಂದರೆ 16 ಪಣ. ಪಣಕ್ಕೆ 30ರಂತೆ 16 ಪಣಕ್ಕೆ 480 ದಾಳಿಂಬೆ. ಅಲ್ಲಿಗೆ 300 ಮಾವಿಗೆ 480 ದಾಳಿಂಬೆ ಸಮವಾಯಿತು. 10 ಮಾವಿಗೆ 16 ದಾಳಿಂಬೆ.

ಉತ್ತರದಲ್ಲಿ ಪಣವೂ ಇಲ್ಲ, ದ್ರಮ್ಮವೂ ಇಲ್ಲ. ದುಡ್ಡು ಇಲ್ಲಿ ಮಂಡಿಯ ದಲ್ಲಾಳಿಯಂತೆ ನಡೆದುಕೊಂಡಿದೆ: ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರನ್ನು ಎದುರುಬದುರು ಕೂರಿಸಿ, ವ್ಯವಹಾರ ಕುದುರಿದ ಮೇಲೆ ಎದ್ದು ಹೋಗಿದೆ. ಎರಡು ಅನುಪಾತಗಳನ್ನು ಸೇರಿಸಿ ಬಿಡಿಸುವ ಲೆಕ್ಕಗಳಲ್ಲೆಲ್ಲ ಇಂಥ ಒಬ್ಬ ದಲ್ಲಾಳಿಯನ್ನು ಹುಡುಕಬೇಕು. ಅವನು ಎರಡೂ ಕಡೆ ಒಂದೇ ಅಳತೆಯಲ್ಲಿ ಮಾತಾಡುತ್ತಿದ್ದಾನೆಯೇ ಎಂದು ನೋಡಿಕೊಳ್ಳಬೇಕು. ಇಂಥ ದಲ್ಲಾಳಿಯೇ ಇಲ್ಲದ ಲೆಕ್ಕಗಳೂ ಇವೆ. ಅಲ್ಲಿಯೂ ಇದೇ ಉಪಾಯ ಹೂಡಿದರೆ ಮೋಸಹೋಗುತ್ತೇವೆ. ಈ ಅಧ್ಯಾಯದಲ್ಲಿ ಎರಡೂ ಬಗೆಯ ಲೆಕ್ಕಗಳನ್ನು ನೋಡೋಣ.

ಮರಳು ಎರಡೂ ಕಡೆ ಒಂದೇನಾ?

ಮನೆ ಕಟ್ಟುವ ಜಾಗಕ್ಕೆ ಹೋಗೋಣ. ಕಾಂಕ್ರೀಟು ಕಲಸಲು ಎರಡು ಸೂಚನೆಗಳು ಬಂದಿವೆ ಎಂದುಕೊಳ್ಳಿ. ಸಿಮೆಂಟು ಮತ್ತು ಮರಳು 2 : 3. ಮರಳು ಮತ್ತು ಜಲ್ಲಿ 1 : 2. ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ ಎಂದರೆ ಏನು ಬರೆಯುತ್ತೀರಿ?

ಅವಸರದಲ್ಲಿ 2 : 3 : 2 ಎಂದು ಬರೆದವರು ಜಲ್ಲಿಗಿಂತ ಮರಳನ್ನೇ ಹೆಚ್ಚು ಸುರಿಯುತ್ತಾರೆ. ಮರಳಿನ ಎರಡು ಪಟ್ಟು ಜಲ್ಲಿ ಬೇಕು ಎಂದಿದ್ದ ಸೂಚನೆ ಅಲ್ಲಿಗೆ ಕೆಟ್ಟಿತು. ಮೊದಲ ಅನುಪಾತದಲ್ಲಿ ಮರಳು 3 ಪಾಲು, ಎರಡನೆಯದರಲ್ಲಿ 1 ಪಾಲು. ಹೆಸರು ಒಂದೇ ಆದರೂ ಅಂಕಿ ಬೇರೆ. ಆದ್ದರಿಂದ ಎರಡನೇ ಅನುಪಾತವನ್ನು ಮೂರರಿಂದ ಗುಣಿಸಿ 3 : 6 ಮಾಡಿಕೊಳ್ಳಬೇಕು. ಈಗ ಮರಳು ಎರಡೂ ಕಡೆ 3. ಸೇರಿಸಿ ಬರೆದರೆ 2 : 3 : 6. ಎರಡರಿಂದ ಭಾಗಿಸಿದರೆ 1 : 1½ : 3. ಕಟ್ಟಡದ ಕೆಲಸದವರಿಗೆ ಇದು ಬಾಯಿಪಾಠ. ಎಂ20 ಎಂದು ಕರೆಯುವ ಕಾಂಕ್ರೀಟಿಗೆ ರೂಢಿಯಲ್ಲಿರುವ ಹದ ಇದೇ.

ಗುಣಿಸಲು ನಮಗೆ ಅನುಮತಿ ಕೊಟ್ಟವರಾರು? ಅನುಪಾತದ ಸ್ವಭಾವವೇ ಕೊಟ್ಟಿದೆ. ಅನುಪಾತಕ್ಕೆ ಗಾತ್ರ ಎಂಬುದಿಲ್ಲ. 1 : 2 ಎಂದರೆ ಒಂದು ಬಾಂಡ್ಲಿಗೆ ಎರಡು ಬಾಂಡ್ಲಿಯೂ ಹೌದು, ನೂರು ಲಾರಿಗೆ ಇನ್ನೂರು ಲಾರಿಯೂ ಹೌದು. 3 : 6 ಎಂದು ಬರೆದಾಗ ನಾವು ಜಲ್ಲಿಯನ್ನು ಹೆಚ್ಚಿಸಲಿಲ್ಲ, ಅದೇ ಸಂಬಂಧವನ್ನು ದೊಡ್ಡ ಅಂಕಿಗಳಲ್ಲಿ ಹೇಳಿದೆವು ಅಷ್ಟೆ. ಗಾತ್ರದ ಹಂಗಿಲ್ಲದಿರುವುದೇ ಅನುಪಾತಗಳನ್ನು ಒಂದಕ್ಕೊಂದು ಹೊಂದಿಸಲು ಇರುವ ಅನುಕೂಲ.

ಅಂಕಿ ಸಮ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮರಳಿಗೆ ಒಂದು ವಿಚಿತ್ರ ಗುಣವಿದೆ: ಸ್ವಲ್ಪ ಒದ್ದೆಯಾದರೆ ಉಬ್ಬುತ್ತದೆ. ಕಣಗಳ ಸುತ್ತ ನೀರಿನ ತೆಳು ಪೊರೆ ಕಟ್ಟಿಕೊಂಡು ಅವನ್ನು ದೂರ ದೂರ ಇಡುತ್ತದೆ. ಸಣ್ಣ ಮರಳಿನ ಗಾತ್ರ ಹೀಗೆ ಶೇ. 20ರಿಂದ 30ರಷ್ಟು ಹೆಚ್ಚಬಹುದು. ಪೂರ್ತಿ ನೀರಲ್ಲಿ ಮುಳುಗಿಸಿದರೆ ಪೊರೆ ಒಡೆದು ಮತ್ತೆ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಮೊದಲ ಸೂಚನೆ ಒಣಮರಳಿಗೆ ಕೊಟ್ಟದ್ದಾಗಿದ್ದು, ಎರಡನೆಯದನ್ನು ಮಳೆಯಲ್ಲಿ ನೆನೆದ ಮರಳಿನ ರಾಶಿಯಿಂದ ಅಳೆದಿದ್ದರೆ, ಕಾಗದದ ಮೇಲೆ 3 ಮತ್ತು 3 ಸರಿಹೊಂದಿದರೂ ಬಾಂಡ್ಲಿಯಲ್ಲಿ ಹೊಂದುವುದಿಲ್ಲ. ಒಂದು ಅನುಪಾತವನ್ನು ತೂಕದಲ್ಲಿ, ಇನ್ನೊಂದನ್ನು ಗಾತ್ರದಲ್ಲಿ ಹೇಳಿದಾಗಲೂ ಇದೇ ಪಾಡು. ದ್ರಮ್ಮ ಮತ್ತು ಪಣದ ತೊಡಕು ಇಲ್ಲಿ ವೇಷ ಬದಲಿಸಿ ಬಂದಿದೆ.

ನಡುವಿನ ಅಂಕಿಗಳು ಒಂದರ ಅಪವರ್ತ್ಯ ಇನ್ನೊಂದಾಗಿರದಿದ್ದರೆ? 2 : 3 ಮತ್ತು 4 : 5 ತೆಗೆದುಕೊಳ್ಳಿ. ನಡುವೆ ಒಂದು ಕಡೆ 3, ಇನ್ನೊಂದು ಕಡೆ 4. ಎರಡರ ಲ.ಸಾ.ಅ. 12. ಮೊದಲನೆಯದನ್ನು ನಾಲ್ಕರಿಂದ ಗುಣಿಸಿದರೆ 8 : 12, ಎರಡನೆಯದನ್ನು ಮೂರರಿಂದ ಗುಣಿಸಿದರೆ 12 : 15. ಸೇರಿಸಿದರೆ 8 : 12 : 15. ನಡುವಿನ 12ನ್ನು ಕೈಬಿಟ್ಟರೆ ತುದಿಗಳ ಅನುಪಾತ 8 : 15. ಈ 8 ಮತ್ತು 15 ಎಲ್ಲಿಂದ ಬಂದವು ನೋಡಿ. 2×4 ಮತ್ತು 3×5. ಅಂದರೆ ⅔ ಮತ್ತು ⅘ ಎಂಬ ಎರಡು ಭಿನ್ನರಾಶಿಗಳ ಗುಣಲಬ್ಧ. ಅನುಪಾತಗಳನ್ನು ಸಾಲಾಗಿ ಜೋಡಿಸುವುದೆಂದರೆ ಗುಣಾಕಾರ. ಈ ಒಂದು ವಾಕ್ಯ ನೆನಪಿದ್ದರೆ ಮುಂದಿನ ಅರ್ಧ ಅಧ್ಯಾಯ ಸಲೀಸು.

ಬೆಲೆಯ ಏರಿಳಿತದ ಹಳೇ ಗೊಂದಲವೂ ಇದರಿಂದ ಬಿಡಿಸಿಕೊಳ್ಳುತ್ತದೆ. ಒಂದು ವಸ್ತುವಿನ ದರ ಶೇ. 20ರಷ್ಟು ಏರಿ, ಆಮೇಲೆ ಶೇ. 20ರಷ್ಟು ಇಳಿಯಿತು. ಮೊದಲಿನ ಜಾಗಕ್ಕೇ ಬಂತೇ? ಮೊದಲ ದರಕ್ಕೂ ಏರಿದ ದರಕ್ಕೂ ಅನುಪಾತ 5 : 6. ಏರಿದ ದರಕ್ಕೂ ಇಳಿದ ದರಕ್ಕೂ 5 : 4. ನಡುವೆ 6 ಮತ್ತು 5, ಲ.ಸಾ.ಅ. 30. ಹೀಗಾಗಿ 25 : 30 : 24. ನೂರು ರೂಪಾಯಿಯ ವಸ್ತು ಈಗ 96 ರೂಪಾಯಿ. ಎರಡು ಸಲವೂ ಇಪ್ಪತ್ತೇ ಎಂದು ಕಂಡರೂ ಒಂದು ಇಪ್ಪತ್ತು ನೂರರ ಮೇಲಿನದು, ಇನ್ನೊಂದು ನೂರಿಪ್ಪತ್ತರ ಮೇಲಿನದು.

ಕವಡೆಯಿಂದ ನಿಷ್ಕದವರೆಗೆ

ದಲ್ಲಾಳಿ ಒಬ್ಬನೇ ಇರಬೇಕೆಂದಿಲ್ಲ. ‘ಲೀಲಾವತಿ’ಯ ನಾಣ್ಯಗಳ ಕೋಷ್ಟಕವನ್ನೇ ತೆಗೆದುಕೊಳ್ಳಿ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಒಂದು ನಿಷ್ಕಕ್ಕೆ ಎಷ್ಟು ಕವಡೆ? 20×4×16×16, ಅಂದರೆ 20,480. ಕಾಕಿಣಿ, ಪಣ, ದ್ರಮ್ಮ ಮೂರೂ ನಡುವೆ ಬಂದು ಹೋದವು. ಡಾಲರನ್ನು ರೂಪಾಯಿಗೂ ಮೈಲಿಯನ್ನು ಮೀಟರಿಗೂ ಬದಲಿಸುವಾಗ ನಾವು ಮಾಡುವುದು ಇದನ್ನೇ.

ಭಾರತದ ಗಣಿತಜ್ಞರು ಈ ವಿದ್ಯೆಗೆ ಭದ್ರವಾದ ಚೌಕಟ್ಟು ಕಟ್ಟಿದ್ದರು. ಅದರ ಅಡಿಪಾಯ ತ್ರೈರಾಶಿ. 499ರಲ್ಲಿ ಆರ್ಯಭಟ ‘ಆರ್ಯಭಟೀಯ’ದಲ್ಲಿ ಹೇಳಿದ ಸೂತ್ರವೇ ಮುಂದಿನವರಿಗೆಲ್ಲ ದಾರಿಯಾಯಿತು. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ಗೊತ್ತಿದ್ದರೆ ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು, ನಾಲ್ಕನೆಯದು ಸಿಗುತ್ತದೆ. ಒಂದರ ಮೇಲೊಂದು ತ್ರೈರಾಶಿ ಬಂದಾಗ ಅದು ಪಂಚರಾಶಿ, ಸಪ್ತರಾಶಿ, ನವರಾಶಿ, ಏಕಾದಶರಾಶಿ ಎಂದು ಬೆಳೆಯುತ್ತದೆ. ಬ್ರಹ್ಮಗುಪ್ತ ಮತ್ತು ಭಾಸ್ಕರಾಚಾರ್ಯರು ಹನ್ನೊಂದು ರಾಶಿಗಳವರೆಗೂ ಹೋಗಿದ್ದಾರೆ.

ಭಾಸ್ಕರಾಚಾರ್ಯರ ಪಂಚರಾಶಿ ಲೆಕ್ಕವೊಂದನ್ನು ಹತ್ತಿರದಿಂದ ನೋಡೋಣ. ನೂರಕ್ಕೆ ತಿಂಗಳಿಗೆ 5 ಬಡ್ಡಿ ಆದರೆ, 16ಕ್ಕೆ ಒಂದು ವರ್ಷಕ್ಕೆ ಎಷ್ಟು ಬಡ್ಡಿ? ಗೊತ್ತಿರುವುದನ್ನು ಎಡಗಡೆ, ಕೇಳಿದ್ದನ್ನು ಬಲಗಡೆ ಬರೆಯಿರಿ.

ತಿಂಗಳು: 1 ... 12
ಅಸಲು: 100 ... 16
ಬಡ್ಡಿ: 5 ... ?

ಈಗ ಎಡಗಡೆಯ ಫಲ 5 ಅನ್ನು ಬಲಗಡೆಗೆ ದಾಟಿಸಿ. ಬಲಗಡೆ 12, 16, 5. ಎಡಗಡೆ 1, 100. ಆಯಾ ಕಡೆಯ ಅಂಕಿಗಳನ್ನು ಗುಣಿಸಿದರೆ ಬಲಗಡೆ 960, ಎಡಗಡೆ 100. ಹೆಚ್ಚು ರಾಶಿಗಳಿರುವ ಕಡೆಯ ಗುಣಲಬ್ಧವನ್ನು ಕಡಿಮೆ ಇರುವ ಕಡೆಯದರಿಂದ ಭಾಗಿಸಿದರೆ ಒಂಬತ್ತು ಮತ್ತು ಮೂರೈದಾಂಶ, ಅಂದರೆ 9.6. ಒಂದು ಕಂಬಸಾಲಿನಿಂದ ಇನ್ನೊಂದಕ್ಕೆ ಒಂದು ಅಂಕಿ ದಾಟಿಸಿದ್ದಷ್ಟೇ ಉಪಾಯ.

ಇದು ಮಂತ್ರವಲ್ಲ. ಬಿಡಿಸಿ ನೋಡಿದರೆ ಒಳಗೆ ಎರಡು ತ್ರೈರಾಶಿಗಳಿವೆ. ಮೊದಲನೆಯದು: ನೂರಕ್ಕೆ ಒಂದು ತಿಂಗಳಿಗೆ 5 ಆದರೆ ನೂರಕ್ಕೆ ಹನ್ನೆರಡು ತಿಂಗಳಿಗೆ 60. ಎರಡನೆಯದು: ನೂರಕ್ಕೆ ವರ್ಷಕ್ಕೆ 60 ಆದರೆ ಹದಿನಾರಕ್ಕೆ ವರ್ಷಕ್ಕೆ 9.6. ನೂರಕ್ಕೆ ವರ್ಷದ ಬಡ್ಡಿ 60 ಎಂಬುದೇ ಇಲ್ಲಿನ ದಲ್ಲಾಳಿ. ಪಂಚರಾಶಿಯ ಚೌಕಟ್ಟಿನಲ್ಲಿ ಈ 60 ಎಲ್ಲೂ ಕಾಣಿಸುವುದೇ ಇಲ್ಲ. ನಡುವಿನ ಉತ್ತರವನ್ನು ಬರೆಯದೆಯೇ ಕೊನೆಯ ಉತ್ತರಕ್ಕೆ ಹಾಯುವ ಸೌಕರ್ಯ ಅದು. ಆದರೆ ಒಂದು ಷರತ್ತು ಉಂಟು: ತಿಂಗಳು ದುಪ್ಪಟ್ಟಾದರೆ ಬಡ್ಡಿಯೂ ದುಪ್ಪಟ್ಟಾಗಬೇಕು. ಸರಳಬಡ್ಡಿಯಲ್ಲಿ ಅದು ನಿಜ. ಚಕ್ರಬಡ್ಡಿಯಲ್ಲಿ ನಿಜವಲ್ಲ, ಹಾಗಾಗಿ ಅಲ್ಲಿ ಪಂಚರಾಶಿ ನಡೆಯುವುದಿಲ್ಲ.

ಕನ್ನಡ ನೆಲಕ್ಕೂ ಈ ಲೆಕ್ಕಗಳಿಗೂ ಹಳೇ ನಂಟು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ತ್ರೈರಾಶಿಯಿಂದ ನವರಾಶಿಯವರೆಗಿನ ಲೆಕ್ಕಗಳಿಗೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅದನ್ನು ಮದರಾಸಿನಿಂದ ಹೊರತಂದರು. 12ನೇ ಶತಮಾನದ ರಾಜಾದಿತ್ಯ ಒಂದು ಹೆಜ್ಜೆ ಮುಂದೆ ಹೋಗಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕೊಳ್ಳುವ, ಮಾರುವ, ಸಾಲ ಕೊಡುವ ಜನರಿಗೆ ಅವರ ಮಾತಿನಲ್ಲೇ ಲೆಕ್ಕ ಸಿಕ್ಕಿತು.

ನಡುವಿನ ಚಕ್ರಕ್ಕೆ ಎಷ್ಟು ಹಲ್ಲು?

ಕಾಗದದ ಮೇಲಿನ ದಲ್ಲಾಳಿ ಮಾಯವಾಗುವುದನ್ನು ಕಣ್ಣಾರೆ ನೋಡಬೇಕಾದರೆ ಹಲ್ಲುಚಕ್ರಗಳ ಹತ್ತಿರ ಹೋಗಬೇಕು. 20 ಹಲ್ಲಿನ ಚಕ್ರ 60 ಹಲ್ಲಿನ ಚಕ್ರವನ್ನು ತಿರುಗಿಸುತ್ತಿದೆ. ಸಣ್ಣದು ಮೂರು ಸುತ್ತು ಬಂದಾಗ ದೊಡ್ಡದು ಒಂದು ಸುತ್ತು. ಹಲ್ಲು ಹೆಚ್ಚಿದಷ್ಟೂ ಸುತ್ತು ಕಡಿಮೆ. ಇದು ವ್ಯಸ್ತ ಅನುಪಾತ. ಈಗ ಇವೆರಡರ ನಡುವೆ 37 ಹಲ್ಲಿನ ಇನ್ನೊಂದು ಚಕ್ರ ಕೂರಿಸಿ. ಮೊದಲನೆಯದು ಒಂದು ಸುತ್ತು ಬಂದರೆ ನಡುವಿನದು 20/37 ಸುತ್ತು, ಕೊನೆಯದು (20/37)×(37/60) ಸುತ್ತು. 37 ಹೊಡೆದುಹೋಗಿ ಉಳಿಯುವುದು 20/60, ಅದೇ ಮೂರನೇ ಒಂದು. ನಡುವಿನ ಚಕ್ರವನ್ನು ಕಿತ್ತು 50 ಹಲ್ಲಿನದನ್ನು ಹಾಕಿದರೂ ವೇಗದ ಲೆಕ್ಕ ಕದಲುವುದಿಲ್ಲ. ನಡುವೆ ಒಂದು ಚಕ್ರ ಬಂದದ್ದರಿಂದ ಕೊನೆಯ ಚಕ್ರ ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೆ.

ವೇಗವನ್ನೂ ಬದಲಿಸಬೇಕೆಂದರೆ ನಡುವಿನ ಒಂದೇ ಅಚ್ಚಿಗೆ ಎರಡು ಚಕ್ರಗಳನ್ನು ಬಿಗಿಯಬೇಕು. ಒಂದು ಚಕ್ರ ಹಿಂದಿನದರಿಂದ ಚಲನೆ ಪಡೆಯುತ್ತದೆ, ಇನ್ನೊಂದು ಮುಂದಿನದಕ್ಕೆ ದಾಟಿಸುತ್ತದೆ. ಇಲ್ಲಿ ಹಲ್ಲುಗಳು ಹೊಡೆದುಹೋಗುವುದಿಲ್ಲ. ಎರಡಕ್ಕೂ ಸಮಾನವಾಗಿರುವುದು ಅಚ್ಚಿನ ಸುತ್ತು. ಪ್ರತಿಯೊಂದು ಜೋಡಿಯ ಅನುಪಾತವೂ ಹಿಂದಿನದಕ್ಕೆ ಗುಣಾಕಾರವಾಗುತ್ತಾ ಹೋಗುತ್ತದೆ.

ಈ ಉಪಾಯ ಎಷ್ಟು ಹಳೆಯದು ಎಂಬುದಕ್ಕೆ ಸಮುದ್ರದ ತಳದಿಂದ ಸಾಕ್ಷಿ ಸಿಕ್ಕಿದೆ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ ವಸ್ತುಗಳಲ್ಲಿ ತುಕ್ಕು ಹಿಡಿದ ಕಂಚಿನ ಒಂದು ಮುದ್ದೆ ಇತ್ತು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಆ ಯಂತ್ರ ಸೂರ್ಯ, ಚಂದ್ರರ ಚಲನೆಯನ್ನು ಲೆಕ್ಕ ಹಾಕುತ್ತಿತ್ತು. ಅದರ 30 ಹಲ್ಲುಚಕ್ರಗಳು ಇಂದಿಗೂ ಉಳಿದಿವೆ. ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲಾ ಪ್ರೈಸ್ ಎಕ್ಸ್-ರೇ ಚಿತ್ರಗಳ ನೆರವಿನಿಂದ ಅದರ ಒಳಗನ್ನು ಓದಿ 1974ರಲ್ಲಿ ವಿವರವಾದ ಅಧ್ಯಯನ ಪ್ರಕಟಿಸಿದರು.

ಯಂತ್ರ ಕಟ್ಟಿದವನ ಮುಂದಿದ್ದ ಸಮಸ್ಯೆ ಇದು: 19 ವರ್ಷಗಳಲ್ಲಿ ಚಂದ್ರ ನಕ್ಷತ್ರಗಳ ನಡುವೆ 254 ಸುತ್ತು ಬರುತ್ತಾನೆ. ಹಾಗಾದರೆ ವರ್ಷಕ್ಕೊಂದು ಸುತ್ತು ಬರುವ ಚಕ್ರದಿಂದ ಶುರುಮಾಡಿ, 254/19 ಸುತ್ತು ಬರುವ ಮುಳ್ಳನ್ನು ಹೇಗೆ ಪಡೆಯುವುದು? 254 ಹಲ್ಲಿನ ಚಕ್ರವೊಂದು 19 ಹಲ್ಲಿನದನ್ನು ತಿರುಗಿಸಿದರೆ ಆಯಿತಲ್ಲ ಎನ್ನಬಹುದು. ಆದರೆ ಅಷ್ಟು ದೊಡ್ಡದಕ್ಕೆ ಪೆಟ್ಟಿಗೆಯಲ್ಲಿ ಜಾಗ ಹುಡುಕಬೇಕು. ಅವನು ಆ ಅನುಪಾತವನ್ನು ಮೂರು ತುಂಡು ಮಾಡಿದ. ಮೊದಲ ಜೋಡಿಯಲ್ಲಿ 64 ಹಲ್ಲಿನದು 38 ಹಲ್ಲಿನದನ್ನು ತಿರುಗಿಸುತ್ತದೆ. ಎರಡನೆಯದರಲ್ಲಿ 48 ಹಲ್ಲಿನದು 24ರದನ್ನು. ಮೂರನೆಯದರಲ್ಲಿ 127 ಹಲ್ಲಿನದು 32ರದನ್ನು.

(64/38)×(48/24)×(127/32)

ಪೆನ್ನು ಹಿಡಿದು ಹೊಡೆದುಹಾಕುತ್ತಾ ಬನ್ನಿ. ಮೊದಲನೆಯದು 32/19. ಎರಡನೆಯದು 2. ಮೂರನೆಯದರ ಛೇದದ 32, ಮೊದಲನೆಯದರ ಅಂಶದ 32ಕ್ಕೆ ವಜಾ. ಉಳಿದದ್ದು 2×127/19, ಅಂದರೆ 254/19. ವರ್ಷಕ್ಕೆ ಸುಮಾರು 13.37 ಸುತ್ತು, 365.25 ದಿನಗಳನ್ನು ಅದರಿಂದ ಭಾಗಿಸಿದರೆ ಒಂದು ಸುತ್ತಿಗೆ 27.32 ದಿನ. ಚಂದ್ರನ ನಾಕ್ಷತ್ರಿಕ ಮಾಸದ ಅವಧಿ ಅದೇ.

127 ಎಂಬ ಒರಟು ಸಂಖ್ಯೆ ಏಕೆ ಬೇಕಾಯಿತು? ಅದು ಅವಿಭಾಜ್ಯ ಸಂಖ್ಯೆ. ಗುಣಾಕಾರದ ಸರಪಳಿಯ ಕೊನೆಗೆ 127 ಬರಬೇಕೆಂದರೆ ಯಾವುದಾದರೂ ಒಂದು ಚಕ್ರದಲ್ಲಿ ಅದು ಇರಲೇಬೇಕು; ಸಣ್ಣ ಚಕ್ರಗಳಿಂದ ಅದನ್ನು ಹುಟ್ಟಿಸಲಾಗದು. 19ರ ಕಥೆಯೂ ಹಾಗೇ, ಅದು 38ರೊಳಗೆ ಅಡಗಿದೆ. ಮುರಿದ, ತುಕ್ಕು ತಿಂದ ಚಕ್ರದ ಹಲ್ಲೆಣಿಸುವಾಗ ಒಂದೆರಡು ಹೆಚ್ಚುಕಡಿಮೆ ಆಗುವುದು ಸಹಜ. ಗುರಿ 254/19 ಎಂದು ಗೊತ್ತಾದರೆ ಎಣಿಕೆ 127ರಲ್ಲೇ ನಿಲ್ಲಬೇಕು ಎಂಬುದು ಖಚಿತವಾಗುತ್ತದೆ.

ಇದೇ 127 ಹಲ್ಲಿನ ಚಕ್ರ ಇಂದಿನ ವರ್ಕ್‌ಶಾಪ್‌ಗಳಲ್ಲೂ ಇದೆ. ಒಂದು ಅಂಗುಲ ಎಂದರೆ 25.4 ಮಿಲಿಮೀಟರು, ಅಂದರೆ 127/5. ಅಂಗುಲದ ಲೆಕ್ಕದಲ್ಲಿ ಮಾಡಿದ ಲೀಡ್ ಸ್ಕ್ರೂ ಇರುವ ಲೇತ್‌ನಲ್ಲಿ ಮಿಲಿಮೀಟರ್ ಲೆಕ್ಕದ ತಿರುಪಿನ ಮರೆ ಕರಾರುವಾಕ್ಕಾಗಿ ಕೊರೆಯಬೇಕಾದರೆ ಚಕ್ರಗಳ ಸಾಲಿನಲ್ಲಿ 127 ಹಲ್ಲಿನದೊಂದು ಬೇಕು. ಚಂದ್ರನಿಗೂ ಅಂಗುಲಕ್ಕೂ ಯಾವ ಬಾದರಾಯಣ ಸಂಬಂಧವೂ ಇಲ್ಲ. ಎರಡು ಬೇರೆ ಬೇರೆ ಕಾರಣಗಳಿಂದ ಒಂದೇ ಅವಿಭಾಜ್ಯ ಸಂಖ್ಯೆ ಅನುಪಾತದೊಳಗೆ ಬಂದು ಕೂತಿತು. ಒಮ್ಮೆ ಕೂತ ಮೇಲೆ ಗ್ರೀಕ್ ಕುಶಲಕರ್ಮಿಗೂ ಲೇತ್ ನಡೆಸುವವನಿಗೂ ಬೇರೆ ದಾರಿಯಿಲ್ಲ.

ಬೆರೆಸುವ ಲೆಕ್ಕವೇ ಬೇರೆ

ಇಲ್ಲಿಯವರೆಗೆ ಅನುಪಾತಗಳನ್ನು ಸಾಲಾಗಿ ಜೋಡಿಸಿದೆವು. ಈಗ ಒಂದರೊಳಗೊಂದು ಬೆರೆಸೋಣ. ನೋಡಲು ಎರಡೂ ಒಂದೇ ಬಗೆಯ ಕೆಲಸ ಎನಿಸುತ್ತದೆ. ಆದರೆ ಇಲ್ಲಿ ನಿಯಮ ತಲೆಕೆಳಗು.

ಮತ್ತೆ ‘ಲೀಲಾವತಿ’ಯನ್ನೇ ತೆರೆಯೋಣ. ಚಿನ್ನದ ಶುದ್ಧತೆಯನ್ನು ಅಲ್ಲಿ ವರ್ಣ ಎಂದು ಅಳೆಯುತ್ತಾರೆ, ಅಪ್ಪಟ ಚಿನ್ನ 16 ವರ್ಣ. ಇಂದಿನ 24 ಕ್ಯಾರೆಟ್ಟಿನ ಜಾಗದಲ್ಲಿ ಅಂದು 16. ನಾಲ್ಕು ತುಂಡುಗಳಿವೆ: 13 ವರ್ಣದ್ದು 10 ಮಾಷ, 12 ವರ್ಣದ್ದು 4 ಮಾಷ, 11 ವರ್ಣದ್ದು 2 ಮಾಷ, 10 ವರ್ಣದ್ದು 4 ಮಾಷ. ಎಲ್ಲವನ್ನೂ ಕರಗಿಸಿ ಒಂದು ಮಾಡಿದರೆ ವರ್ಣ ಎಷ್ಟು?

13, 12, 11, 10ರ ಸರಾಸರಿ ಹನ್ನೊಂದೂವರೆ. ಅದೇ ಉತ್ತರ ಎಂದವರು ಸೋತರು. ತುಂಡುಗಳ ತೂಕ ಸಮವಾಗಿಲ್ಲ. ಪ್ರತಿ ತುಂಡಿನ ವರ್ಣವನ್ನು ಅದರ ತೂಕದಿಂದ ಗುಣಿಸಬೇಕು: 130, 48, 22, 40. ಒಟ್ಟು 240. ಒಟ್ಟು ತೂಕ 20 ಮಾಷ. 240ನ್ನು 20ರಿಂದ ಭಾಗಿಸಿದರೆ 12 ವರ್ಣ. ಹೆಚ್ಚು ತೂಗಿದ 13 ವರ್ಣದ ತುಂಡು ಒಟ್ಟನ್ನು ತನ್ನ ಕಡೆ ಎಳೆದುಕೊಂಡಿದೆ. ಲೆಕ್ಕ ಇನ್ನೂ ಮುಂದುವರಿಯುತ್ತದೆ. ಇದನ್ನು ಪುಟಕ್ಕಿಟ್ಟು ಕಲ್ಮಷ ಕಳೆದಾಗ 16 ಮಾಷ ಉಳಿದರೆ ವರ್ಣ ಎಷ್ಟು? ಕಲ್ಮಷ ಹೋದರೂ ಚಿನ್ನ ಹೋಗಿಲ್ಲ, ಆದ್ದರಿಂದ 240 ಹಾಗೇ ಇದೆ. 240/16, ಅಂದರೆ 15 ವರ್ಣ. ಪೂರ್ತಿ ಶುದ್ಧ ಮಾಡಿ 16 ವರ್ಣಕ್ಕೆ ತಂದರೆ ಉಳಿಯುವುದು 15 ಮಾಷ.

ಜೋಡಿಸುವಾಗ ಅನುಪಾತಕ್ಕೆ ಗಾತ್ರವಿಲ್ಲ ಎಂಬುದು ವರವಾಗಿತ್ತು. ಬೆರೆಸುವಾಗ ಅದೇ ಕೊರತೆಯಾಗುತ್ತದೆ. 13 ವರ್ಣ ಎಂಬ ಅಂಕಿ ಗುಣವನ್ನು ಹೇಳುತ್ತದೆ, ಎಷ್ಟು ಚಿನ್ನ ಎಂದು ಹೇಳುವುದಿಲ್ಲ. ಅದನ್ನು ಬೇರೆಯಾಗಿ ಕೇಳಿ ತಿಳಿಯಬೇಕು. ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ.

1986ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗಳನ್ನು ಹೋಲಿಸಿದ ಲೇಖನ ಪ್ರಕಟವಾಯಿತು. ಒಂದು, ದೇಹವನ್ನು ತೆರೆದು ಮಾಡುವ ಹಳೇ ಶಸ್ತ್ರಚಿಕಿತ್ಸೆ. ಇನ್ನೊಂದು, ಸಣ್ಣ ರಂಧ್ರದ ಮೂಲಕ ಕಲ್ಲು ತೆಗೆಯುವ ಹೊಸ ವಿಧಾನ. ಹಳೆಯದರಲ್ಲಿ 350 ರೋಗಿಗಳ ಪೈಕಿ 273 ಮಂದಿಗೆ ಯಶಸ್ಸು, ಶೇ. 78. ಹೊಸದರಲ್ಲಿ 350ಕ್ಕೆ 289, ಶೇ. 83. ಹೊಸದೇ ಮೇಲು ಎಂದು ಯಾರಾದರೂ ಹೇಳುತ್ತಾರೆ.

ಈಗ ಕಲ್ಲಿನ ಗಾತ್ರ ನೋಡಿ ರೋಗಿಗಳನ್ನು ಎರಡು ಗುಂಪು ಮಾಡೋಣ. ಎರಡು ಸೆಂಟಿಮೀಟರಿಗಿಂತ ಸಣ್ಣ ಕಲ್ಲಿದ್ದವರಲ್ಲಿ ಹಳೇ ವಿಧಾನಕ್ಕೆ 87ಕ್ಕೆ 81 ಯಶಸ್ಸು, ಶೇ. 93, ಹೊಸದಕ್ಕೆ 270ಕ್ಕೆ 234, ಶೇ. 87. ದೊಡ್ಡ ಕಲ್ಲಿದ್ದವರಲ್ಲಿ ಹಳೇ ವಿಧಾನಕ್ಕೆ 263ಕ್ಕೆ 192, ಶೇ. 73, ಹೊಸದಕ್ಕೆ 80ಕ್ಕೆ 55, ಶೇ. 69. ಸಣ್ಣ ಕಲ್ಲಿಗೂ ಹಳೆಯದೇ ಮೇಲು, ದೊಡ್ಡ ಕಲ್ಲಿಗೂ ಹಳೆಯದೇ ಮೇಲು. ಆದರೆ ಎಲ್ಲರನ್ನೂ ಕೂಡಿಸಿದರೆ ಹೊಸದು ಮೇಲು!

ಅಂಕಿಗಳಲ್ಲಿ ತಪ್ಪಿಲ್ಲ, ಬೇಕಿದ್ದರೆ ಕೂಡಿ ನೋಡಿ: 81ಕ್ಕೆ 192 ಸೇರಿದರೆ 273, 234ಕ್ಕೆ 55 ಸೇರಿದರೆ 289. ಗುಟ್ಟು ಇರುವುದು ತೂಕದಲ್ಲಿ. ಹೊಸ ವಿಧಾನಕ್ಕೆ ಬಂದವರಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿಯದು ಸಣ್ಣ ಕಲ್ಲು, ಅಂದರೆ ಸುಲಭದ ಪ್ರಕರಣ. ಹಳೇ ವಿಧಾನಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ದೊಡ್ಡ ಕಲ್ಲಿನವರು. ಶೇ. 78 ಮತ್ತು ಶೇ. 83 ಎಂಬ ಅನುಪಾತಗಳು ಚಿಕಿತ್ಸೆಯ ಗುಣದ ಜೊತೆಗೆ ರೋಗಿಗಳ ಹಂಚಿಕೆಯನ್ನೂ ಹೊತ್ತುಕೊಂಡಿವೆ. 1951ರಲ್ಲಿ ಎಡ್ವರ್ಡ್ ಸಿಂಪ್ಸನ್ ಇಂಥ ಪ್ರಸಂಗಗಳನ್ನು ಚರ್ಚಿಸಿ ಬರೆದ ಲೇಖನದಿಂದಾಗಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರು ಬಂದಿದೆ.

ಸರಿಪಡಿಸುವ ದಾರಿ ಭಾಸ್ಕರಾಚಾರ್ಯರ ಚಿನ್ನದ ಲೆಕ್ಕದಲ್ಲೇ ಇದೆ. ಎರಡೂ ವಿಧಾನಗಳಿಗೆ ಒಂದೇ ತೂಕ ಕೊಡಿ. ಒಟ್ಟು 700 ರೋಗಿಗಳಲ್ಲಿ ಸಣ್ಣ ಕಲ್ಲಿನವರು 357, ದೊಡ್ಡ ಕಲ್ಲಿನವರು 343. ಈ 700 ಮಂದಿಯೂ ಹಳೇ ವಿಧಾನಕ್ಕೆ ಹೋಗಿದ್ದರೆ ಅದೇ ಯಶಸ್ಸಿನ ದರದಲ್ಲಿ ಸುಮಾರು 583 ಮಂದಿಗೆ, ಅಂದರೆ ಶೇ. 83 ಮಂದಿಗೆ ಗುಣವಾಗುತ್ತಿತ್ತು. ಎಲ್ಲರೂ ಹೊಸದಕ್ಕೆ ಹೋಗಿದ್ದರೆ ಸುಮಾರು 545 ಮಂದಿಗೆ, ಶೇ. 78. ಮೊದಲು ಕಂಡ ಅಂಕಿಗಳೇ ಬಂದಿವೆ, ಜಾಗ ಮಾತ್ರ ಅದಲುಬದಲು. ಹೊಸ ವಿಧಾನದಲ್ಲಿ ಗಾಯ ಸಣ್ಣದು ಎಂಬಂಥ ಅನುಕೂಲಗಳು ಈ ಲೆಕ್ಕದ ಹೊರಗಿನ ಮಾತು. ವೈದ್ಯರು ಅವನ್ನೂ ನೋಡಬೇಕಾಗುತ್ತದೆ.

ಪರೀಕ್ಷೆಯ ಫಲಿತಾಂಶ, ಚುನಾವಣೆಯ ಮತಪ್ರಮಾಣ, ಬ್ಯಾಟುಗಾರನ ಸರಾಸರಿ, ಯಾವುದೇ ಆಗಲಿ, ಎರಡು ಶೇಕಡಾಗಳನ್ನು ಒಟ್ಟುಗೂಡಿಸಿ ಯಾರಾದರೂ ಮೂರನೆಯದನ್ನು ಮುಂದಿಟ್ಟಾಗ ಕೇಳಬೇಕಾದ ಪ್ರಶ್ನೆ ಒಂದೇ. ಇವನ್ನು ಜೋಡಿಸಿದ್ದೀರೋ, ಬೆರೆಸಿದ್ದೀರೋ? ಜೋಡಿಸಿದ್ದರೆ ನಡುವಿನ ಪದ ಎರಡೂ ಕಡೆ ಒಂದೇ ಎಂದು ತೋರಿಸಲಿ. ಬೆರೆಸಿದ್ದರೆ ಪ್ರತಿಯೊಂದರ ತೂಕ ಎಷ್ಟು ಎಂದು ಹೇಳಲಿ.

ನೀವೇ ಬಿಡಿಸಿ: ಗಡಿಯಾರದ ಮುಳ್ಳುಗಳು

ಕೊನೆಗೊಂದು ಲೆಕ್ಕ. ನಿಮಿಷದ ಮುಳ್ಳು 12 ಸುತ್ತು ಬಂದಾಗ ಗಂಟೆಯ ಮುಳ್ಳು ಒಂದು ಸುತ್ತು ಬರಬೇಕು. ಒಂದೇ ಜೋಡಿಯಲ್ಲಿ ಇದನ್ನು ಸಾಧಿಸಲು ಹೋದರೆ 10 ಹಲ್ಲಿಗೆ 120 ಹಲ್ಲು ಬೇಕು. ಚಕ್ರ ವಿಪರೀತ ದೊಡ್ಡದಾಯಿತು. ಇನ್ನೊಂದು ತೊಂದರೆಯೂ ಇದೆ. ಎರಡು ಮುಳ್ಳುಗಳೂ ಒಂದೇ ಕೇಂದ್ರದ ಸುತ್ತ ತಿರುಗಬೇಕು. ಅಂದರೆ ಚಲನೆ ಕೇಂದ್ರದಿಂದ ಹೊರಟು, ಪಕ್ಕದ ಅಚ್ಚಿಗೆ ಹೋಗಿ, ಮತ್ತೆ ಕೇಂದ್ರಕ್ಕೇ ಮರಳಬೇಕು. ಹಾಗಾಗಿ ಜೋಡಿಗಳು ಎರಡು, ಅವುಗಳ ಅಚ್ಚುಗಳ ನಡುವಿನ ದೂರ ಒಂದೇ. ಹಲ್ಲುಗಳ ಅಳತೆ ಎಲ್ಲ ಚಕ್ರದಲ್ಲೂ ಸಮವಾಗಿದ್ದರೆ ಮೊದಲ ಜೋಡಿಯ ಹಲ್ಲುಗಳ ಮೊತ್ತವೂ ಎರಡನೇ ಜೋಡಿಯ ಮೊತ್ತವೂ ಸಮವಾಗಿರಬೇಕು.

12ನ್ನು 3×4 ಎಂದು ಒಡೆಯೋಣ. ಮೊದಲ ಜೋಡಿಯ ಸಣ್ಣ ಚಕ್ರಕ್ಕೆ ‘ಅ’ ಹಲ್ಲು, ದೊಡ್ಡದಕ್ಕೆ ಅದರ ಮೂರು ಪಟ್ಟು. ಮೊತ್ತ ‘ಅ’ದ ನಾಲ್ಕು ಪಟ್ಟು. ಎರಡನೇ ಜೋಡಿಯ ಸಣ್ಣದಕ್ಕೆ ‘ಬ’ ಹಲ್ಲು, ದೊಡ್ಡದಕ್ಕೆ ಅದರ ನಾಲ್ಕು ಪಟ್ಟು. ಮೊತ್ತ ‘ಬ’ದ ಐದು ಪಟ್ಟು. ಎರಡೂ ಮೊತ್ತ ಒಂದೇ ಆಗಬೇಕಾದರೆ ಅ : ಬ = 5 : 4. ಗಾತ್ರವಿಲ್ಲದ ಈ ಅನುಪಾತಕ್ಕೆ ಗಾತ್ರ ಕೊಡುವುದು ನಮ್ಮ ಕೈಯಲ್ಲಿದೆ. 10 ಮತ್ತು 8 ಎಂದಿಟ್ಟರೆ ಮೊದಲ ಜೋಡಿ 10ಕ್ಕೆ 30, ಎರಡನೆಯದು 8ಕ್ಕೆ 32. ಎರಡರ ಮೊತ್ತವೂ 40.

ಈಗ 12ನ್ನು 2×6 ಎಂದು ಒಡೆದು ನೀವು ಪ್ರಯತ್ನಿಸಿ. ಸಣ್ಣ ಚಕ್ರಗಳ ಅನುಪಾತ 7 : 3 ಎಂದು ಬಂದರೆ ದಾರಿ ಸರಿಯಾಗಿದೆ. ಯಾವ ಚಕ್ರಕ್ಕೂ 8ಕ್ಕಿಂತ ಕಡಿಮೆ ಹಲ್ಲು ಬೇಡ ಎಂಬ ನಿಯಮ ಹಾಕಿಕೊಂಡರೆ ಜೋಡಿಯ ಮೊತ್ತ ಎಷ್ಟಕ್ಕೆ ಏರುತ್ತದೆ, 40ಕ್ಕೆ ಹೋಲಿಸಿದರೆ ಅದು ದುಬಾರಿಯೇ ಎಂದೂ ನೋಡಿ. ಗಡಿಯಾರ ಮಾಡುವವರಿಗೆ 3×4 ಏಕೆ ಹಿಡಿಸುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.